ಹೊರೆ ಹೊತ್ತವನು ಕುಳಿತ ಕಥೆ

ಭಾರ ಸಾಗಿಸುವವನೆಂದರೆ ನಡೆಯುವವನು. ಲೋಕದಲ್ಲಿ ಬಹುಕಾಲ ನಡೆದುಬಂದ ವಾಡಿಕೆ ಇದು. 1791-92ರಲ್ಲಿ ಕಾರ್ನ್‌ವಾಲಿಸನ ದಂಡು ಶ್ರೀರಂಗಪಟ್ಟಣದ ಮೇಲೆ ಬಂದಾಗ ಅದಕ್ಕೆ ದವಸಧಾನ್ಯ ಒದಗಿಸಿದವರಲ್ಲಿ ಲಂಬಾಣಿ ವರ್ತಕರೇ ಮುಖ್ಯರು. ಹೇರೆತ್ತುಗಳ ಬೆನ್ನಿನ ಮೇಲೆ ಗೋಣಿಗಳು, ಪಕ್ಕದಲ್ಲಿ ಕಾಲುನಡಿಗೆಯ ಜನ. ಎತ್ತು ನಡೆದಷ್ಟು ದೂರ ಮನುಷ್ಯನೂ ನಡೆದ. ಅನಂತರದ ಗಾಡಿಯವನಿಗೆ ಕೂರಲು ಮೂಕಿಯಿತ್ತು ನಿಜ. ಆದರೆ ಅವನು ಕೂತದ್ದಕ್ಕಿಂತ ಇಳಿದದ್ದೇ ಹೆಚ್ಚೇನೋ. ದಿಣ್ಣೆ ಬಂದರೆ ಇಳಿದು ಚಕ್ರಕ್ಕೆ ಹೆಗಲು ಕೊಡಬೇಕು. ಇಳಿಜಾರು ಬಂದರೆ ಗಾಲಿಗೆ ತಡೆ ಕೊಡಬೇಕು. ಹಳ್ಳ ಬಂದರೆ ಎತ್ತಿನ ಮೂಗುದಾರ ಹಿಡಿದು ತಾನೇ ಮುಂದಾಗಿ ನೀರಿಗಿಳಿಯಬೇಕು. ರಾತ್ರಿ ಎತ್ತುಗಳು ದಾರಿ ಬಲ್ಲವೆಂಬ ಧೈರ್ಯದಿಂದ ಹುಲ್ಲಿನ ಮೇಲೆ ಮಲಗಿ ನಿದ್ರೆ ಮಾಡುವ ಸ್ವಾತಂತ್ರ್ಯವೂ ಅವನಿಗಿತ್ತು. ಇಂದಿನ ಲಾರಿಯವನಿಗೆ ಇವೆರಡೂ ಇಲ್ಲ. ನಡೆಯುವಂತಿಲ್ಲ, ಮಲಗುವಂತೆಯೂ ಇಲ್ಲ.

ಅಮೆರಿಕದಲ್ಲಿಯೂ ಹೀಗೆಯೇ. ಪೆನ್ಸಿಲ್ವೇನಿಯಾದ ಕಡೆಯ ಕಾನೆಸ್ಟೋಗ ಬಂಡಿಗಳಲ್ಲಿ ಚಾಲಕನಿಗೆಂದು ಮುಂಭಾಗದಲ್ಲಿ ಪೀಠವೇ ಇರುತ್ತಿರಲಿಲ್ಲ. ಅವನು ಬಂಡಿಯ ಎಡಗಡೆಯಲ್ಲಿ ನಡೆಯುತ್ತಿದ್ದ, ಇಲ್ಲವೆ ಎಡಗಡೆಯ ಹಿಂಗುದುರೆಯನ್ನು ಏರುತ್ತಿದ್ದ. ತೀರ ದಣಿದರೆ ಬಂಡಿಯ ಪಕ್ಕದಿಂದ ಎಳೆದುಕೊಳ್ಳುವ ಒಂದು ಹಲಗೆಯ ಮೇಲೆ ಕೂರುತ್ತಿದ್ದ. ಆ ಹಲಗೆಗೆ ಜನ ಇಟ್ಟ ಹೆಸರು ‘ಸೋಮಾರಿ ಹಲಗೆ’. ಕೂತು ಬಂಡಿ ಹೊಡೆಯುವುದು ಸೋಮಾರಿತನವೆಂಬ ಭಾವನೆ ಆ ಹೆಸರಿನಲ್ಲಿಯೇ ಇದೆ. ಕುದುರೆಗಳ ತಂಡವನ್ನು ನಡೆಸುವವನಿಗೆ ಇಂಗ್ಲಿಷಿನಲ್ಲಿ ಟೀಮ್‌ಸ್ಟರ್ ಎನ್ನುತ್ತಿದ್ದರು. 1903ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಸಾರಿಗೆ ಕೆಲಸಗಾರರ ದೊಡ್ಡ ಸಂಘ ಇಂದಿಗೂ ಆ ಹೆಸರನ್ನೇ ಇಟ್ಟುಕೊಂಡಿದೆ. ಅದರ ಲಾಂಛನದಲ್ಲಿ ಇಂದಿಗೂ ಎರಡು ಕುದುರೆಗಳ ತಲೆಗಳಿವೆ. ಸದಸ್ಯರಾದ ಲಾರಿ ಚಾಲಕರು ಕುದುರೆಯ ಲಗಾಮು ಹಿಡಿದು ಎಷ್ಟು ತಲೆಮಾರಾಯಿತೋ!

ನಡೆಯುತ್ತಿದ್ದ ಈ ಮನುಷ್ಯನನ್ನು ಕೂರಿಸಿದ್ದು ಮೋಟಾರು. ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮೊದಲ ಮೋಟಾರು ಲಾರಿಯನ್ನು ತಯಾರಿಸಿದ್ದು 1896ರಲ್ಲಿ. ನಾಲ್ಕು ಕುದುರೆಯ ಬಲದ ಎಂಜಿನ್ನು, ಒಂದೂವರೆ ಟನ್ನಿನ ಹೊರೆ. ನೋಡುವುದಕ್ಕೆ ಕುದುರೆ ಬಿಚ್ಚಿದ ಬಂಡಿಯಂತೆಯೇ ಇತ್ತು. ಚಾಲಕನು ಮುಂದೆ ತೆರೆದ ಪೀಠದ ಮೇಲೆ ಕೋಚುಮನ್ನನಂತೆ ಕೂರಬೇಕು. ಕಬ್ಬಿಣದ ಪಟ್ಟಿ ಬಿಗಿದ ಚಕ್ರಗಳು, ಕಲ್ಲು ಹಾಸಿದ ಬೀದಿಗಳು. ಆ ಬಂಡಿಗೆ ಸ್ಪ್ರಿಂಗುಗಳನ್ನು ಅಳವಡಿಸುವಾಗ ಎಂಜಿನ್ನು ಕುಲುಕಾಟವನ್ನು ತಾಳಲಾರದೆಂಬ ಚಿಂತೆಯೂ ತಯಾರಕರಿಗಿತ್ತು. ನನಗೆ ಈ ಸಣ್ಣ ಸಂಗತಿ ಬಹಳ ಅರ್ಥವತ್ತಾಗಿ ತೋರುತ್ತದೆ. ಎಂಜಿನ್ನಿಗೆ ಕುಲುಕಾಟ ಆಗದೆಂಬುದು ಮೊದಲ ದಿನವೇ ಹೊಳೆಯಿತು. ಮನುಷ್ಯನ ಬೆನ್ನುಮೂಳೆಗೂ ಅದು ಆಗದೆಂಬುದನ್ನು ಲೆಕ್ಕ ಹಾಕಿ ತೋರಿಸಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅನಂತರ ಚಕ್ರಗಳಿಗೆ ಗಟ್ಟಿ ರಬ್ಬರಿನ ಪಟ್ಟಿ ಬಂತು. ಗಾಳಿ ತುಂಬಿದ ಟಯರು ಲಾರಿಯ ಭಾರವನ್ನು ತಡೆಯದೆಂದು ಬಹು ಮಂದಿ ನಂಬಿದ್ದರು. ಈ ನಂಬಿಕೆಯನ್ನು ಸುಳ್ಳು ಮಾಡಲೆಂದು ಗುಡ್‌ಇಯರ್ ಕಂಪನಿಯವರು 1917ರ ಏಪ್ರಿಲಿನಲ್ಲಿ ಒಂದು ಪ್ಯಾಕರ್ಡ್ ಲಾರಿಗೆ ಗಾಳಿಯ ಟಯರು ತೊಡಿಸಿ ಏಕ್ರನ್ನಿನಿಂದ ಬಾಸ್ಟನ್ನಿಗೆ ಅಟ್ಟಿದರು. ದಾರಿ ಕೆಸರು, ಸೇತುವೆಗಳು ದುರ್ಬಲ, ಟಯರುಗಳು ಒಡೆದದ್ದಕ್ಕೆ ಲೆಕ್ಕವಿಲ್ಲ. ಕೆಲವು ದಿನಗಳ ಪಯಣ ವಾರಗಳಾಯಿತು. ಆದರೂ ಕಂಪನಿ ಪಟ್ಟುಬಿಡಲಿಲ್ಲ, ಟಯರು ಗೆದ್ದಿತು. ಆ ಲಾರಿಯಲ್ಲಿ ಚಾಲಕನ ಪೀಠದ ಹಿಂದೆ ಇನ್ನೊಬ್ಬ ಮಲಗಲು ಜಾಗವನ್ನೂ ಮಾಡಿದ್ದರು. ಒಬ್ಬ ನಡೆಸುವಾಗ ಇನ್ನೊಬ್ಬನು ನಿದ್ರೆ ಮಾಡುವುದು. ಲಾರಿ ನಿಲ್ಲಬೇಕಾಗಿಲ್ಲ ಎಂಬ ಯೋಚನೆ ಅಲ್ಲಿ ಮೊಳೆತದ್ದನ್ನು ಗಮನಿಸಬೇಕು. ಎತ್ತಿಗೆ ದಣಿವಾದರೆ ಗಾಡಿ ನಿಲ್ಲುತ್ತಿತ್ತು, ಅದರೊಡನೆ ಗಾಡಿಯವನೂ ನಿಲ್ಲುತ್ತಿದ್ದ. ಎಂಜಿನ್ನಿಗೆ ದಣಿವಿಲ್ಲ. ಇನ್ನು ಮುಂದೆ ಎಲ್ಲಿ ನಿಲ್ಲಬೇಕೆಂಬುದು ಮನುಷ್ಯನ ದಣಿವಿನ ಮೇಲೆ ಮಾತ್ರ ನಿಂತಿತು. ಆ ದಣಿವನ್ನು ಅಳೆಯುವವರಾರೂ ಇರಲಿಲ್ಲ.

ಇನ್ನು ಸ್ಟಿಯರಿಂಗಿನ ಕಷ್ಟ. ಹೊರೆ ಹೆಚ್ಚಿದಂತೆ, ಟಯರು ಅಗಲವಾದಂತೆ, ಚಕ್ರ ತಿರುಗಿಸುವುದು ಗರಡಿಯ ಸಾಮು ಮಾಡಿದಂತಾಯಿತು. ಪಿಯರ್ಸ್-ಆರೋ ಎಂಬ ಕಂಪನಿಯ ಲಾರಿ ವಿಭಾಗದಲ್ಲಿ ಮುಖ್ಯ ಎಂಜಿನಿಯರರಾಗಿದ್ದ ಫ್ರಾನ್ಸಿಸ್ ಡೇವಿಸ್ ಎಂಬವರು ಚಾಲಕರ ಈ ಪಾಡನ್ನು ಹತ್ತಿರದಿಂದ ನೋಡಿ, ಕೆಲಸ ಬಿಟ್ಟು ಸ್ವಂತವಾಗಿ ದುಡಿದು, 1926ರಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ‘ಪವರ್ ಸ್ಟಿಯರಿಂಗ್’ ಅನ್ನು ಮಾಡಿ ತೋರಿಸಿದರು. ಲಾರಿಯವನ ತೋಳಿಗಾಗಿ ಹುಟ್ಟಿದ ಸಾಧನ ಇದು. ಆದರೆ ಮಹಾಯುದ್ಧದಲ್ಲಿ ಅದು ಸೈನ್ಯದ ಕವಚ ವಾಹನಗಳಿಗೆ ಹೋಯಿತು. ಆಮೇಲೆ 1951ರಲ್ಲಿ ಮಾರಾಟಕ್ಕೆ ಬಂದದ್ದು ಕ್ರೈಸ್ಲರ್ ಕಂಪನಿಯ ದುಬಾರಿ ಕಾರಿನಲ್ಲಿ. ನಮ್ಮ ದೇಶದ ಲಾರಿಗಳಲ್ಲಿ ಅದು ಸಾಮಾನ್ಯವಾಗುವುದಕ್ಕೆ ಇನ್ನೂ ಎಷ್ಟೋ ದಶಕಗಳು ಕಳೆಯಬೇಕಾಯಿತು. ಅಲ್ಲಿಯವರೆಗೆ ಘಟ್ಟದ ತಿರುವುಗಳಲ್ಲಿ ಎದ್ದು ನಿಂತು, ಮೈಭಾರವನ್ನೆಲ್ಲ ಚಕ್ರದ ಮೇಲೆ ಹಾಕಿ ತಿರುಗಿಸುತ್ತಿದ್ದ ಡ್ರೈವರುಗಳನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಕೂರುವ ಹೊತ್ತಿಗೆ ಮಿತಿ ಹಾಕುವ ಪ್ರಯತ್ನವೂ ಅಮೆರಿಕದಲ್ಲಿ ನಡೆಯಿತು. 1935ರ ಮೋಟಾರು ಸಾಗಣೆಯ ಶಾಸನದ ಬಲದಿಂದ, 1930ರ ದಶಕದ ಕೊನೆಯ ಹೊತ್ತಿಗೆ, ದಿನಕ್ಕೆ 10 ಗಂಟೆಗಿಂತ ಹೆಚ್ಚು ಲಾರಿ ನಡೆಸಕೂಡದೆಂಬ ನಿಯಮ ಬಂತು. ಅದರ ಬೆನ್ನಿಗೇ ಆ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯ ವೈದ್ಯರು ಬಾಲ್ಟಿಮೋರ್, ನ್ಯಾಶ್‌ವಿಲ್, ಶಿಕಾಗೋ ಊರುಗಳಲ್ಲಿ ಲಾರಿ ಚಾಲಕರನ್ನು ನೂರಾರು ಸಂಖ್ಯೆಯಲ್ಲಿ ಪರೀಕ್ಷಿಸಿ, 1941ರಲ್ಲಿ ವರದಿ ಕೊಟ್ಟರು. ಹತ್ತು ಗಂಟೆ ಮೀರಿ ನಡೆಸಿದವನ ಕೈ ಕಣ್ಣುಗಳ ಚುರುಕು, ನಿದ್ರೆ ಮಾಡಿ ಎದ್ದು ಬಂದವನ ಚುರುಕಿಗಿಂತ ಕಡಮೆಯೆಂದು ಕಂಡಿತು. ಲಾರಿಯವನ ಹೆಂಡತಿಯನ್ನು ಕೇಳಿದ್ದರೆ ಇದನ್ನು ಪರೀಕ್ಷೆಯಿಲ್ಲದೆಯೇ ಹೇಳುತ್ತಿದ್ದಳು. ಆದರೆ ಈ ಪ್ರಯತ್ನಗಳೆಲ್ಲ ನಿದ್ರೆ ಮತ್ತು ಅಪಘಾತಗಳ ಸುತ್ತ ತಿರುಗಿದವು. ಚಾಲಕನಿಗೆ ಕಣ್ಣು ಮುಚ್ಚಿದರೆ ಬೇರೆಯವರ ಪ್ರಾಣಕ್ಕೆ ಕುತ್ತು. ಆದ್ದರಿಂದ ಸರಕಾರ ಕಣ್ಣು ತೆರೆಯಿತು. ಅಪಘಾತವಿಲ್ಲದೆ, ಸದ್ದಿಲ್ಲದೆ, ಬರಿಯ ಕೂರುವುದರಿಂದಲೇ ಅವನ ಮೈಗೆ ಏನಾಗುತ್ತಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆ ತೀರ ಹೊಸದೇನೂ ಅಲ್ಲ. ಇಟಲಿಯ ಮೊಡೆನಾದಲ್ಲಿ ಪ್ರಾಧ್ಯಾಪಕರಾಗಿದ್ದ ಬರ್ನಾರ್ಡಿನೋ ರಾಮಾಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದರು. ವೈದ್ಯನು ರೋಗಿಯನ್ನು ಕೇಳಬೇಕೆಂದು ಹಿಂದಿನವರು ವಿಧಿಸಿದ್ದ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಸೇರಿಸಿದವರು ಅವರು. ಕೂತೇ ದುಡಿಯುವ ದರ್ಜಿ, ಚಮ್ಮಾರ ಮೊದಲಾದವರಿಗೆಂದು ಅವರ ಗ್ರಂಥದಲ್ಲಿ ಒಂದು ಅಧ್ಯಾಯವೇ ಇದೆ. ರಜಾದಿನಗಳಲ್ಲಾದರೂ ಮೈ ಬಳಸಿರಿ ಎಂದು ಅವರಿಗೆ ಬುದ್ಧಿ ಹೇಳಿದ್ದಾರೆ. ಆದರೆ ಮೋಟಾರು ಚಾಲಕನನ್ನು ಈ ಪಟ್ಟಿಗೆ ಸೇರಿಸಬೇಕೆಂದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಕಾರಣ ಸುಲಭವಾಗಿದೆ. ಅವನು ದಿನಕ್ಕೆ ನೂರಾರು ಮೈಲಿ ಹೋಗುತ್ತಾನೆ. ಊರೂರು ತಿರುಗುವವನನ್ನು ಯಾರು ತಾನೇ ‘ಕೂತವನು’ ಎಂದಾರು?

ಹಾಗೆಂದು ಲೆಕ್ಕ ಹಾಕಿ ತೋರಿಸಿದ ಊರು ಲಂಡನ್, ತೋರಿಸಿದವರು ಡಾಕ್ಟರ್ ಜೆರ್ರಿ ಮಾರಿಸ್. ಅವರು ನೋಡಿದ್ದು ಲಾರಿಯವರನ್ನಲ್ಲ, ಬಸ್ಸಿನವರನ್ನು. ಆದರೂ ಲಾರಿಯ ಕಥೆಗೆ ಅದೇ ತಿರುವು. ಮಾರಿಸರು 1910ರಲ್ಲಿ ಹುಟ್ಟಿ ಗ್ಲಾಸ್ಗೋದ ಬಡ ಕೇರಿಗಳಲ್ಲಿ ಬೆಳೆದವರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ನಮ್ಮ ದೇಶದಲ್ಲಿಯೂ ಇದ್ದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯವರು ಸಾಮಾಜಿಕ ವೈದ್ಯಕ್ಕೆಂದು ಸ್ಥಾಪಿಸಿದ ಒಂದು ಸಣ್ಣ ಘಟಕದ ಭಾರವನ್ನು ಹೊತ್ತರು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು. ಏಕೆಂದು ಯಾರಿಗೂ ತಿಳಿದಿರಲಿಲ್ಲ. ಮಾರಿಸರಿಗೆ ಕಸುಬಿನಲ್ಲಿ ಇದರ ಸುಳಿವು ಸಿಕ್ಕೀತೇ ಎಂಬ ಅನುಮಾನ. ಲಂಡನ್ ಸಾರಿಗೆ ಸಂಸ್ಥೆಯವರ ಬಳಿ ನೌಕರರ ಕಾಯಿಲೆ, ರಜೆ, ಮರಣಗಳ ದಾಖಲೆ ಅಚ್ಚುಕಟ್ಟಾಗಿತ್ತು. ಅಲ್ಲಿಯ ವೈದ್ಯಾಧಿಕಾರಿಗಳು ಜೊತೆಗೂಡಿದರು. 1949ರಿಂದ ಲೆಕ್ಕ ಹಿಡಿಯಲು ಮೊದಲು ಮಾಡಿದರು. 35ರಿಂದ 64 ವರ್ಷದೊಳಗಿನ ಸುಮಾರು 31,000 ಗಂಡಸರು ಈ ಲೆಕ್ಕದಲ್ಲಿ ಬಂದರು.

ಲಂಡನ್ನಿನ ಎರಡಂತಸ್ತಿನ ಕೆಂಪು ಬಸ್ಸನ್ನು ಚಿತ್ರದಲ್ಲಾದರೂ ನೋಡದವರಿಲ್ಲ. ಅಂದಿನ ಬಸ್ಸಿನಲ್ಲಿ ಚಾಲಕನಿಗೆ ಮುಂದೆ, ಎಂಜಿನ್ನಿನ ಪಕ್ಕದಲ್ಲಿ, ಒಂದು ಬೇರೆಯೇ ಗೂಡು. ಅದರೊಳಕ್ಕೆ ಹೊಕ್ಕು ಬಾಗಿಲು ಹಾಕಿಕೊಂಡನೆಂದರೆ ಪಾಳಿಯ ನೂರಕ್ಕೆ ತೊಂಬತ್ತು ಪಾಲು ಹೊತ್ತು ಕೂತೇ ಇರಬೇಕು. ಕಂಡಕ್ಟರನಾದರೋ ಟಿಕೆಟು ಕೊಡುತ್ತ, ಮೇಲಂತಸ್ತಿಗೆ ಹತ್ತುತ್ತ, ಇಳಿಯುತ್ತ, ದಿನಕ್ಕೆ ಐನೂರು ಆರುನೂರು ಮೆಟ್ಟಿಲು ತುಳಿಯುತ್ತಾನೆ. ಇಬ್ಬರೂ ಒಂದೇ ವರ್ಗದ ಜನ. ಒಂದೇ ಕೇರಿಗಳಲ್ಲಿ ಮನೆ, ಹೆಚ್ಚುಕಡಮೆ ಒಂದೇ ಬಗೆಯ ಊಟ, ಸಂಬಳದಲ್ಲಿಯೂ ಅಂಥ ದೊಡ್ಡ ಅಂತರವಿಲ್ಲ. ಒಂದೇ ಬಸ್ಸಿನಲ್ಲಿ ಒಂದೇ ದಾರಿಯಲ್ಲಿ ಹೋಗುತ್ತಾರೆ. ವ್ಯತ್ಯಾಸವೆಲ್ಲ ಇಷ್ಟೆ: ಒಬ್ಬ ಕೂತಿರುತ್ತಾನೆ, ಒಬ್ಬ ಓಡಾಡುತ್ತಾನೆ. ಪ್ರಯೋಗಶಾಲೆಯಲ್ಲಿ ಕೋಟಿ ಸುರಿದರೂ ಮನುಷ್ಯರ ಮೇಲೆ ಇಷ್ಟು ಚೊಕ್ಕಟವಾದ ಪರೀಕ್ಷೆಯನ್ನು ಏರ್ಪಡಿಸುವುದು ಕಷ್ಟ. ಲಂಡನ್ನಿನ ಬೀದಿಯಲ್ಲಿ ಅದು ದಿನಾ ತಾನಾಗಿ ನಡೆಯುತ್ತಿತ್ತು. ನೋಡುವ ಕಣ್ಣು ಬೇಕಾಗಿತ್ತು.

ಫಲಿತಾಂಶ 1953ರ ನವೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊರಬಿತ್ತು. ವರ್ಷಕ್ಕೆ ಸಾವಿರ ಚಾಲಕರಲ್ಲಿ 2.7 ಮಂದಿಗೆ ಹೃದಯದ ರಕ್ತನಾಳದ ಬೇನೆ ತಗುಲಿದರೆ, ಸಾವಿರ ಕಂಡಕ್ಟರುಗಳಲ್ಲಿ 1.9 ಮಂದಿಗೆ ಮಾತ್ರ. ಅಲ್ಲದೆ ಕಂಡಕ್ಟರುಗಳಿಗೆ ಬಂದರೂ ಅದು ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಚಾಲಕರಲ್ಲಿ ಮೊದಲ ಪೆಟ್ಟಿಗೇ ಸಾಯುವವರು ಹೆಚ್ಚು. ಅಂಕಿಗಳು ಸಣ್ಣವಾಗಿ ಕಾಣಬಹುದು. ಒಂದು ಊರಿನ ಬಸ್ಸಿನವರೆಲ್ಲರ ಮೂವತ್ತು ವರ್ಷದ ನೌಕರಿಗೆ ಇದನ್ನು ಗುಣಿಸಿ ನೋಡಿದರೆ ಎಷ್ಟು ಮನೆಗಳೆಂಬುದು ತಿಳಿದೀತು.

ಮಾರಿಸರ ಹಿರಿಮೆ ನನಗೆ ಕಾಣುವುದು ಈ ಅಂಕಿಗಳಲ್ಲಿ ಅಲ್ಲ, ಅವನ್ನು ಅವರು ನಂಬದೆ ಇದ್ದ ರೀತಿಯಲ್ಲಿ. ಚಾಲಕನಿಗೆ ಲಂಡನ್ನಿನ ಸಂದಣಿಯಲ್ಲಿ ಬಸ್ಸು ನಡೆಸುವ ಮನಸ್ಸಿನ ಉದ್ವೇಗವೂ ಉಂಟಷ್ಟೆ. ಹೃದಯ ಕೆಟ್ಟದ್ದು ಅದರಿಂದ ಏಕಾಗಿರಬಾರದು? ಈ ಸಂದೇಹ ತೀರಿಸಿಕೊಳ್ಳಲು ಅವರು ಅಂಚೆ ಇಲಾಖೆಗೆ ಹೋದರು. ಮನೆಮನೆಗೆ ನಡೆದೋ ಸೈಕಲ್ಲಿನಲ್ಲಿಯೋ ಕಾಗದ ಹಂಚುವ ಅಂಚೆಪೇದೆಗಳನ್ನು, ಕಚೇರಿಯಲ್ಲಿ ಕೂರುವ ಗುಮಾಸ್ತರು, ಟೆಲಿಫೋನಿನವರೊಡನೆ ಹೋಲಿಸಿದರು. ಟೆಲಿಫೋನಿನವನಿಗೆ ರಸ್ತೆಯ ಸಂದಣಿಯ ಕಾಟವಿಲ್ಲ. ಆದರೂ ಅಂಚೆಪೇದೆಯ ಹೃದಯವೇ ಗಟ್ಟಿ, ಕೂತವನದು ಅಲ್ಲ. ಅಲ್ಲಿಗೆ ಬೊಟ್ಟು ಮತ್ತೆ ಕುರ್ಚಿಯ ಕಡೆಗೇ ತಿರುಗಿತು.

ಆಗಲೂ ಅವರಿಗೆ ತೃಪ್ತಿಯಾಗಲಿಲ್ಲ. ಮೊದಲೇ ದಪ್ಪಗಿದ್ದವರು, ಮೈಗಳ್ಳರು ಚಾಲಕರ ಕೆಲಸಕ್ಕೆ ಸೇರುತ್ತಿರಬಹುದಲ್ಲವೆ? ಇದನ್ನು ಕಂಡುಕೊಳ್ಳಲು ಅವರಿಗೆ ಒದಗಿದ ಸಾಧನ ಮಾತ್ರ ವಿನೋದವಾದದ್ದು. ಸಂಸ್ಥೆ ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿತ್ತು. ಪ್ರತಿಯೊಬ್ಬನ ಷರಾಯಿಯ ಸೊಂಟದ ಅಳತೆ ದಾಖಲೆಯಲ್ಲಿತ್ತು. ದರ್ಜಿಯ ಆ ಪುಸ್ತಕವನ್ನೇ ವೈದ್ಯಶಾಸ್ತ್ರದ ಆಧಾರ ಮಾಡಿಕೊಂಡು 1956ರಲ್ಲಿ ‘ಸಮವಸ್ತ್ರಗಳ ಸಾಂಕ್ರಾಮಿಕ ಶಾಸ್ತ್ರ’ ಎಂಬಂಥ ತಲೆಬರಹದ ಲೇಖನವೊಂದನ್ನು ಪ್ರಕಟಿಸಿದರು. ಒಂದೇ ಎತ್ತರದವರಲ್ಲಿ ಚಾಲಕರ ಸೊಂಟ ಕಂಡಕ್ಟರುಗಳ ಸೊಂಟಕ್ಕಿಂತ ಅಗಲ. ಚಿಕ್ಕ ವಯಸ್ಸಿನ ನೌಕರರಲ್ಲಿಯೂ ಹಾಗೆಯೇ! ಅಂದರೆ ಕುರ್ಚಿಯ ಮೇಲೆ ಹೊರಿಸಿದ ಅಪರಾಧದಲ್ಲಿ ಒಂದು ಪಾಲು ಕುರ್ಚಿಗೆ ಸೇರತಕ್ಕದ್ದಲ್ಲ. ತಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಈ ಸಾಕ್ಷಿಯನ್ನು ಅವರೇ ಹುಡುಕಿ ಅವರೇ ಅಚ್ಚುಹಾಕಿಸಿದರೆಂಬುದನ್ನು ನೆನೆಯಬೇಕು. ಆದರೆ ತೆಳ್ಳಗಿನವರು, ಸಾಧಾರಣ ಮೈಯವರು, ಡೊಳ್ಳುಹೊಟ್ಟೆಯವರು ಎಂದು ಬೇರೆಬೇರೆಯಾಗಿ ವಿಂಗಡಿಸಿ ನೋಡಿದಾಗಲೂ ಹಠಾತ್ ಮರಣ ಚಾಲಕರಲ್ಲಿಯೇ ಹೆಚ್ಚಾಗಿತ್ತು. ತೆಳ್ಳಗಿನ ಚಾಲಕನಿಗೂ ಆ ಗೂಡು ಒಗ್ಗಲಿಲ್ಲ.

ಮಾರಿಸರು ತಮ್ಮ ಮಾತನ್ನು ತಾವು ಆಚರಿಸಿದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಕೋಟು ತೆಗೆದು ಓಡುತ್ತಿದ್ದಾಗ ಜನ ಇವರಿಗೆ ತಲೆ ಕೆಟ್ಟಿದೆಯೆಂದು ನೋಡುತ್ತಿದ್ದರಂತೆ. ಆಗ ವ್ಯಾಯಾಮಕ್ಕೆಂದು ಓಡುವ ದೊಡ್ಡ ಮನುಷ್ಯರು ಅಪರೂಪ. ಅವರು ತೀರಿಕೊಂಡದ್ದು 2009ರಲ್ಲಿ, 99ನೆಯ ವಯಸ್ಸಿನಲ್ಲಿ.

ಲಂಡನ್ನಿನಲ್ಲಿ ಲೆಕ್ಕ ಶುರುವಾದ ಆ 1949ರಲ್ಲಿಯೇ ಅಲ್ಲಿ ಕೆಲವು ವಿದ್ವಾಂಸರು ಸೇರಿ, ಮನುಷ್ಯನ ಮೈಗೆ ತಕ್ಕಂತೆ ಯಂತ್ರವನ್ನೂ ಕೆಲಸವನ್ನೂ ಹೊಂದಿಸುವ ಶಾಸ್ತ್ರಕ್ಕಾಗಿ ಒಂದು ಸಂಘ ಕಟ್ಟಿಕೊಂಡರು. ಎರ್ಗನಾಮಿಕ್ಸ್ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ಅಮೆರಿಕದಲ್ಲಿ ಹಾರ್ವರ್ಡಿನ ರಾಸ್ ಮ್ಯಾಕ್‌ಫಾರ್ಲೆಂಡ್ ಮತ್ತು ಅವರ ಜೊತೆಗಾರರು ಬಸ್ಸು ಲಾರಿ ಚಾಲಕರ ಕೈಕಾಲು, ಮೊಣಕಾಲು, ಎದೆ, ಬೆನ್ನುಗಳನ್ನು ಅಳೆದು, ಆ ಅಳತೆಗಳನ್ನು ವಾಹನಗಳ ಒಳ ಅಳತೆಗಳೊಡನೆ ಇಟ್ಟು ನೋಡಿದರು. ಅವರ ಗ್ರಂಥ ಹೊರಬಂದದ್ದು 1953ರಲ್ಲಿ, ಬಸ್ಸಿನವರ ಲೇಖನ ಬಂದ ವರ್ಷವೇ. ಎಷ್ಟೋ ಬಂಡಿಗಳಲ್ಲಿ ಎತ್ತರದವನ ಮೊಣಕಾಲು ಚಕ್ರಕ್ಕೆ ತಾಗುತ್ತದೆ, ಕುಳ್ಳನ ಪಾದ ಬ್ರೇಕಿಗೆ ಎಟುಕುವುದಿಲ್ಲ. ಕುದುರೆಗೆ ಜೀನು ಮಾಡುವವನೂ ಕುದುರೆಯ ಬೆನ್ನು ನೋಡಿಯೇ ಮಾಡುತ್ತಾನೆ. ಲಾರಿ ಮಾಡುವವರು ಚಾಲಕನ ಬೆನ್ನು ನೋಡಿದ್ದು ಹೀಗೆ ಐವತ್ತು ವರ್ಷಗಳಾದ ಮೇಲೆ.

ಬೆನ್ನಿನ ವಿಷಯವೇ ಲಾರಿಯವನಿಗೆ ವಿಶೇಷವಾದದ್ದು. ಕೂತ ಗುಮಾಸ್ತನಿಗೂ ಕೂತ ಚಾಲಕನಿಗೂ ಒಂದು ಭೇದವಿದೆ: ಗುಮಾಸ್ತನ ಕುರ್ಚಿ ಅಲುಗುವುದಿಲ್ಲ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ತೂಗಾಟದ ಲಯವಿದೆ. ಉಯ್ಯಾಲೆ ತನ್ನ ಲಯದಲ್ಲಿರುವಾಗ ಮಗುವಿನ ಕೈ ನೂಕಿದರೂ ಅದು ಮರದ ಕೊಂಬೆಯವರೆಗೆ ಏರುತ್ತದೆ. ಕೂತ ಮನುಷ್ಯನ ಮುಂಡಕ್ಕೂ ಅಂಥ ಲಯವುಂಟು. ಸೆಕೆಂಡಿಗೆ ನಾಲ್ಕರಿಂದ ಆರು ಸಲ. ದುರದೃಷ್ಟವೆಂದರೆ ಒರಟು ರಸ್ತೆಯ ಮೇಲೆ ಲಾರಿಯ ಪೀಠ ಅಲುಗುವುದೂ ಸರಿಸುಮಾರು ಆ ಲಯದ ಆಸುಪಾಸಿನಲ್ಲಿಯೇ. ಹಾಗಾಗಿ ರಸ್ತೆಯ ಸಣ್ಣ ನೂಕು ಬೆನ್ನಿಗೆ ದೊಡ್ಡ ಪೆಟ್ಟಾಗಿ ಮುಟ್ಟುತ್ತದೆ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿವೆ. ದೊಡ್ಡವರ ಮೈಯಲ್ಲಿ ಅವುಗಳೊಳಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಮೈ ಆಡಿದಾಗ ಹಿಂಡಿ ಹೀರಿ, ಒದ್ದೆ ಬಟ್ಟೆಯಂತೆ, ಅವು ತಮ್ಮ ಆಹಾರ ಪಡೆಯುತ್ತವೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತವನ ಮೆತ್ತೆಗಳು ಅತ್ತ ಆಹಾರವೂ ಇಲ್ಲದೆ ಇತ್ತ ಪೆಟ್ಟನ್ನೂ ತಿನ್ನುತ್ತಿರಬೇಕು. 1975ರಲ್ಲಿ ಅಮೆರಿಕದ ಕೆಲ್ಸಿ ಮತ್ತು ಹಾರ್ಡಿ ಎಂಬ ಸಂಶೋಧಕರು ಇದಕ್ಕೆ ಲೆಕ್ಕ ಕೊಟ್ಟರು. ಕೆಲಸದ ಅರ್ಧ ಹೊತ್ತನ್ನಾದರೂ ವಾಹನ ನಡೆಸುತ್ತ ಕಳೆಯುವ ಗಂಡಸರಿಗೆ ಸೊಂಟದ ಮೆತ್ತೆ ಜರುಗುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು. ಲಾರಿ ಚಾಲಕರಿಗಂತೂ ಐದು ಪಟ್ಟಿನ ಹತ್ತಿರ. ಯೂರೋಪಿನವರು 2002ರಲ್ಲಿ ಒಂದು ಶಾಸನ ಮಾಡಿ, ಎಂಟು ಗಂಟೆಯ ಕೆಲಸದಲ್ಲಿ ಮೈಗೆ ಎಷ್ಟು ಕುಲುಕಾಟ ತಗಲಬಹುದೆಂಬುದಕ್ಕೆ ಮಿತಿ ಹಾಕಿದರು. ಡೈಮ್ಲರನ ಎಂಜಿನ್ನಿಗೆ ಸ್ಪ್ರಿಂಗು ಸಿಕ್ಕ 106 ವರ್ಷಗಳ ಮೇಲೆ!

ಮಿಕ್ಕ ಬೇನೆಗಳ ಕಥೆ ಉದ್ದವಾದೀತು. 2010ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯೊಂದು 32 ಲಾರಿ ತಂಗುದಾಣಗಳಲ್ಲಿ 1,670 ದೂರಪಯಣದ ಚಾಲಕರನ್ನು ವಿಚಾರಿಸಿತು. ನೂರಕ್ಕೆ 69 ಮಂದಿ ಅತಿಸ್ಥೂಲರು, ಅರ್ಧಕ್ಕೂ ಹೆಚ್ಚು ಮಂದಿ ಸಿಗರೇಟು ಸೇದುವವರು. ಸ್ಥೂಲಕಾಯದವನಿಗೆ ಮಲಗಿದಾಗ ಉಸಿರು ಕಟ್ಟುತ್ತದೆ, ರಾತ್ರಿ ನಿದ್ರೆ ಕೆಡುತ್ತದೆ. ಕೆಟ್ಟ ನಿದ್ರೆ ಹಗಲು ಸ್ಟಿಯರಿಂಗಿನ ಮುಂದೆ ಬಂದು ಕಣ್ಣು ಮುಚ್ಚಿಸುತ್ತದೆ. ಕೂತದ್ದರ ಫಲ ಹೀಗೆ ಸುತ್ತಿ ಬಂದು ಮೊದಲಿನ ಅಪಘಾತದ ಭಯಕ್ಕೇ ಸೇರುತ್ತದೆ. 2012ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಪತ್ರಿಕೆ ಒಬ್ಬ ಮುದುಕನ ಭಾವಚಿತ್ರವನ್ನು ಅಚ್ಚುಹಾಕಿತು. 69 ವರ್ಷದ ಆತ 28 ವರ್ಷ ಸರಕಿನ ವಾಹನ ನಡೆಸಿದವನು. ಅವನ ಬಲಗೆನ್ನೆ ಅರುವತ್ತು ವರ್ಷದವನದು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಜೋತು, ಸುಕ್ಕುಗಟ್ಟಿ, ಉಬ್ಬುತಗ್ಗಾಗಿ, ಇಪ್ಪತ್ತು ವರ್ಷ ಹೆಚ್ಚಿನ ಬೇರೊಬ್ಬನದೆಂಬಂತೆ ಕಾಣುತ್ತದೆ. ಗಾಜಿನ ಮೂಲಕ ಇಳಿದ ಬಿಸಿಲು ಮಾಡಿದ ಕೆಲಸ. ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. ಇಲ್ಲಿ ಬಲಗೆನ್ನೆಗೆ ಆ ಪಾಲು.

ನಮ್ಮ ಕಡೆಯ ಲಾರಿಯ ಕಥೆಗೆ ಇನ್ನೂ ಒಂದು ವಿಶೇಷವಿದೆ. 1954ರಲ್ಲಿ ಜಮ್‌ಷೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಲಾರಿಗಳು ಬರಲು ಆರಂಭವಾದ ಮೇಲೆ ದೇಶದ ಸರಕೆಲ್ಲ ಕ್ರಮೇಣ ಲಾರಿಯ ಬೆನ್ನೇರಿತು. ಆದರೆ ಕಾರ್ಖಾನೆಯಿಂದ ಬಹುವಾಗಿ ಹೊರಬೀಳುತ್ತಿದ್ದದ್ದು ಲಾರಿಯ ಎಲುಬುಗೂಡು ಮಾತ್ರ: ಎಂಜಿನ್ನು, ಚಕ್ರ, ಚಾಸಿ. ಆ ಎಲುಬುಗೂಡಿನ ಮೇಲೆ ಹಂಗಾಮಿ ಪೀಠವೊಂದನ್ನು ಇಟ್ಟುಕೊಂಡು, ಮುಖಕ್ಕೆ ಟವಲು ಸುತ್ತಿ, ಬಿಸಿಲು ಮಳೆ ಧೂಳುಗಳಲ್ಲಿ ನೂರಾರು ಮೈಲಿ ನಡೆಸಿಕೊಂಡು ಹೋಗುವ ಡ್ರೈವರುಗಳೇ ಒಂದು ಪಂಗಡ. ಅವನ ಮೇಲೆ ಮಾಡಿಲ್ಲ, ಮುಂದೆ ಗಾಜಿಲ್ಲ. ಊರು ಸೇರಿದ ಮೇಲೆ ರಸ್ತೆಬದಿಯ ಶೆಡ್ಡಿನಲ್ಲಿ ಬಡಗಿಗಳೂ ಕಮ್ಮಾರರೂ ಸೇರಿ ಅದಕ್ಕೆ ಕ್ಯಾಬಿನ್ ಕಟ್ಟುತ್ತಿದ್ದರು. ಹಣೆಗೆ ದೇವರ ಹೆಸರು, ಪಕ್ಕಕ್ಕೆ ಹೂಬಳ್ಳಿ, ಹಿಂದೆ ಹಾರನ್ ಮಾಡಿರೆಂಬ ಬರಹ. ಬಣ್ಣಕ್ಕೆ ಕೊಟ್ಟ ಗಮನದಲ್ಲಿ ಕಾಲುಭಾಗವನ್ನೂ ಪೀಠಕ್ಕೆ ಕೊಡುತ್ತಿರಲಿಲ್ಲ. ಹಲಗೆಯ ಮೇಲೊಂದು ಮೆತ್ತೆ, ಮುಂದೆ ಹಿಂದೆ ಸರಿಯದು. ಎಡಗಾಲಿನ ಪಕ್ಕದಲ್ಲಿ ಎಂಜಿನ್ನಿನ ಮುಚ್ಚಳ, ಬೇಸಗೆಯಲ್ಲಿ ಕಾದ ಹೆಂಚು. ಆ ಕಾಲೇ ಕ್ಲಚ್ಚು ತುಳಿಯಬೇಕಾದ ಕಾಲು. ದಾರಿಯಲ್ಲಿ ಶೌಚಕ್ಕೆ ಅನುಕೂಲವಿಲ್ಲವೆಂದು ನೀರನ್ನೇ ಕಡಮೆ ಕುಡಿಯುವ ಅಭ್ಯಾಸ ಬೇರೆ.

ಲಂಡನ್ ಬಸ್ಸಿನ ಕಂಡಕ್ಟರನ ಜಾಗದಲ್ಲಿ ನಮ್ಮ ಲಾರಿಗೆ ಕ್ಲೀನರ್ ಇದ್ದಾನೆ. ಹಗ್ಗ ಬಿಗಿಯಲು ಮೇಲೆ ಹತ್ತುವವನು, ಟಯರು ತಟ್ಟಿ ನೋಡುವವನು, ಘಟ್ಟದಲ್ಲಿ ಇಳಿದು ಚಕ್ರಕ್ಕೆ ಕಲ್ಲು ಕೊಡುವವನು ಅವನೇ. ಹಳೆಯ ಗಾಡಿಯವನು ಅವನಲ್ಲಿ ಇನ್ನೂ ಬದುಕಿದ್ದಾನೆ. ಅವನ ಆಸೆಯೆಲ್ಲ ಒಂದು ದಿನ ಡ್ರೈವರಾಗಬೇಕೆಂಬುದು. ಅವನಿಗೆ ಬಡ್ತಿ ಎಂದರೆ ಕೂರುವುದು. ಈಚೆಗೆ ಖರ್ಚು ಉಳಿಸಲು ಕ್ಲೀನರ್ ಇಲ್ಲದೆ ಡ್ರೈವರನನ್ನು ಒಂಟಿಯಾಗಿ ಅಟ್ಟುವ ಮಾಲಿಕರೂ ಹೆಚ್ಚಾಗಿದ್ದಾರೆ.

ಕಾನೂನು ಇಲ್ಲದೆ ಇರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಶಾಸನ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ವಿಧಿಸಿತು; ದೂರದ ದಾರಿಯಾದರೆ ದಿನಕ್ಕೆ ಹತ್ತು, ವಾರಕ್ಕೆ 54ರವರೆಗೆ ಹೋಗಬಹುದು. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು. ಮುಂದೆ 2020ರ ಕಾರ್ಮಿಕ ಸಂಹಿತೆಯೊಳಕ್ಕೆ ಇದನ್ನು ಸೇರಿಸಿಬಿಟ್ಟರು. 1961ರ ಶಾಸನವನ್ನು ಓದಿದರೆ ಬಹಳ ಸಮಾಧಾನವಾಗುತ್ತದೆ, ಒಂದು ಸಾಲಿನವರೆಗೆ. ಐದು ಮಂದಿ ಅಥವಾ ಹೆಚ್ಚು ಕೆಲಸಗಾರರಿರುವ ಉದ್ಯಮಕ್ಕೆ ಮಾತ್ರ ಇದು ಅನ್ವಯ ಎಂದಿತ್ತು ಆ ಸಾಲು. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು ಲಾರಿಗಳ ಸಣ್ಣ ಮಾಲಿಕರವು. ಸಾಲ ಮಾಡಿ ಲಾರಿ ಕೊಂಡು ತಾನೇ ನಡೆಸುವವನನ್ನಂತೂ ಆ ಶಾಸನ ಕೆಲಸಗಾರನೆಂದು ಎಣಿಸಲಿಲ್ಲ. ಕಂತಿನ ದಿನ ಹತ್ತಿರ ಬಂದಾಗ ಅವನನ್ನು ಎಬ್ಬಿಸುವವರು ಉಂಟು, ಮಲಗಿಸುವವರಿಲ್ಲ. ಶಿರಾಡಿ ಘಟ್ಟದ ಒಂದೇ ತಿರುವಿನಲ್ಲಿ ಸರಕಾರಿ ಸಾರಿಗೆ ಸಂಸ್ಥೆಯ ಬಸ್ಸೂ ಅಂಥ ಒಂಟಿ ಲಾರಿಯೂ ಎದುರಾದವೆನ್ನಿ: ಬಸ್ಸಿನವನ ಹೊತ್ತಿಗೆ ಲೆಕ್ಕವಿತ್ತು, ಲಾರಿಯವನ ಹೊತ್ತಿಗೆ ಇರಲಿಲ್ಲ. ಇಬ್ಬರ ಬೆನ್ನುಮೂಳೆಯೂ ಒಂದೇ ಬಗೆಯದು, ಹೊಂಡಗಳೂ ಅವೇ.

2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಪ್ರಕಟಣೆಯ ಪ್ರಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿನಲ್ಲಿ ಹವಾನಿಯಂತ್ರಣ ಇರಲೇಬೇಕು. ಒಳ್ಳೆಯ ಕೆಲಸ, ಕಿಟಕಿ ಏರಿಸಿಕೊಂಡು ಕೂರುವಷ್ಟಾದರೂ ಆಯಿತು. ಅದಕ್ಕೆ ಹಿಂದೆ ತಯಾರಾದ ಲಾರಿಗಳಿಗೆ ಈ ನಿಯಮ ಸಲ್ಲುವುದಿಲ್ಲ. ನಮ್ಮಲ್ಲಿ ಲಾರಿ ಒಬ್ಬ ಮಾಲಿಕನಿಂದ ಇನ್ನೊಬ್ಬನಿಗೆ ಕೈ ಬದಲಾಯಿಸುತ್ತ ಹತ್ತಾರು ವರ್ಷ ಓಡುತ್ತದೆ. ಅವುಗಳಲ್ಲಿ ಬಲಗಡೆಯ ಕಿಟಕಿ ಇನ್ನೂ ತೆರೆದೇ ಇದೆ. ಡ್ರೈವರು ಮೊಣಕೈಯನ್ನು ಅದರ ಮೇಲಿಟ್ಟು, ಹೆಗಲ ಮೇಲೆ ಒದ್ದೆ ಟವಲು ಹಾಕಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಹೋಗುತ್ತಿದ್ದಾನೆ.